ಹಳೇ ಫೋಟೋ ಹಿಡಿದು ಡೌನ್‌ಟೌನ್ ಹೋಟೆಲಿನ ಕಥೆ ಬಿಡಿಸುವುದು ಹೇಗೆ

ಹಳೇ ಹೋಟೆಲಿನ ಫೋಟೋ ಸಿಕ್ಕಿದರೆ ಮೊದಲು ಹೋಟೆಲನ್ನು ನೋಡಬೇಡಿ. ರಸ್ತೆ ನೋಡಿ. ಕಟ್ಟಡದ ಮುಖ ಐವತ್ತು ವರ್ಷವಾದರೂ ಹಾಗೇ ನಿಂತಿರಬಹುದು, ಕಂಬ ಕಮಾನು ಎಲ್ಲ ಚೆಂದವಾಗಿ ಕಾಣಬಹುದು, ಆದರೆ ಅದು ಜಾಸ್ತಿ ಏನೂ ಹೇಳುವುದಿಲ್ಲ. ಬದಲಾಗುವುದು ಸುತ್ತಲಿನದು. ರಸ್ತೆಯ ಗಾಡಿ, ತಲೆ ಮೇಲಿನ ತಂತಿ, ನೆಲಮಹಡಿಯ ಅಂಗಡಿ, ತಾರಸಿಯ ಬೋರ್ಡು, ಕಿಟಕಿಗೆ ಇಳಿಬಿಟ್ಟ ಬಟ್ಟೆಯ ಮರೆ. ಫೋಟೋ ಕೆಳಗೆ ಯಾರೋ ಗೀಚಿದ ಇಸವಿಯನ್ನು ನಂಬುವುದಕ್ಕಿಂತ ಇವನ್ನು ನಂಬುವುದು ವಾಸಿ.

ನಾನಿಲ್ಲಿ ಹೇಳುತ್ತಿರುವುದು ಅಮೆರಿಕದ ಡೌನ್‌ಟೌನ್ ಹೋಟೆಲುಗಳ ಬಗ್ಗೆ. ಅಲ್ಲಿ ಒಂದು ಕಾಲಕ್ಕೆ ಊರ ನಡುವೆ ದೊಡ್ಡ ಹೋಟೆಲ್ ಇರುವುದು ಊರಿನ ಗತ್ತಿನ ವಿಷಯವಾಗಿತ್ತು. ಕ್ಯಾಮೆರಾ ಹಿಡಿದವರೂ ಅದರ ಮುಂದೆಯೇ ನಿಲ್ಲುತ್ತಿದ್ದರು. ಆ ಫೋಟೋಗಳಲ್ಲಿ ಬಹಳಷ್ಟನ್ನು ಈಗ ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಪುಕ್ಕಟೆ ನೋಡಬಹುದು.

ಇದು ಅದೇ ಕಟ್ಟಡವಾ?

ಬೇರೆಲ್ಲ ಆಮೇಲೆ. ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಹೋಟೆಲಿನ ಹೆಸರು ಒಂದೇ ಇದ್ದ ಮಾತ್ರಕ್ಕೆ ಕಟ್ಟಡವೂ ಒಂದೇ ಅಂತ ಅಲ್ಲ. ಷಿಕಾಗೋದ ಪಾಮರ್ ಹೌಸ್ ನೋಡಿ. ಮೊದಲನೆಯದು 1871ರ ಸೆಪ್ಟೆಂಬರ್ 26ಕ್ಕೆ ತೆರೆಯಿತು, ಎರಡು ವಾರವೂ ತುಂಬುವ ಮುಂಚೆ ಷಿಕಾಗೋದ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು. ಎರಡನೆಯದು 1870ರ ದಶಕದಲ್ಲೇ ಎದ್ದಿತು, ಏಳು ಮಹಡಿ. ಈಗಿರುವ ಎತ್ತರದ ಕಟ್ಟಡ 1920ರ ದಶಕದ್ದು. ಅದನ್ನೂ ಹಂತ ಹಂತವಾಗಿ ಕಟ್ಟಿದ್ದರಿಂದ, ಅರ್ಧ ಹಳೆಯದು ಅರ್ಧ ಹೊಸದು ಇದ್ದ ಒಂದು ಕಾಲವೂ ಇತ್ತು. ಸುಮ್ನೆ 'ಪಾಮರ್ ಹೌಸ್, ಷಿಕಾಗೋ' ಅಂತ ಬರೆದಿರುವ ಫೋಟೋ ಸಿಕ್ಕರೆ ಇವುಗಳಲ್ಲಿ ಯಾವುದು ಅಂತ ಮಹಡಿ ಎಣಿಸಿಯೇ ಹೇಳಬೇಕು.

ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾದ್ದು ಇನ್ನೊಂದು ಥರ. ಹಳೆಯದು ಫಿಫ್ತ್ ಅವೆನ್ಯೂದಲ್ಲಿತ್ತು. ಅದನ್ನು 1929ರಲ್ಲಿ ಕೆಡವಿ ಅದೇ ಜಾಗದಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಟ್ಟಿದರು. 1931ರಲ್ಲಿ ಹೆಸರು ಮಾತ್ರ ಪಾರ್ಕ್ ಅವೆನ್ಯೂಗೆ ಹೋಯಿತು. ಉಲ್ಟಾ ಕೂಡ ಆಗುತ್ತದೆ, ಕಟ್ಟಡ ಅದೇ ಇರುತ್ತದೆ, ಮಾಲೀಕ ಬದಲಾದಾಗಲೆಲ್ಲ ಹೆಸರು ಬದಲಾಗುತ್ತದೆ. ಹಾಗಾಗಿ ನಿಮ್ಮ ಕಡತದಲ್ಲಿ ಹೋಟೆಲಿನ ಹೆಸರಿಗಿಂತ ವಿಳಾಸಕ್ಕೆ, ಅಂದರೆ ಯಾವ ಎರಡು ರಸ್ತೆ ಸೇರುವ ಮೂಲೆ, ಆ ಮೂಲೆಯ ಯಾವ ದಿಕ್ಕು ಅನ್ನುವುದಕ್ಕೆ, ಮೊದಲ ಜಾಗ ಕೊಡಿ.

ಫೋಟೋ ಎಡ ಬಲ ತಿರುಗಿದೆಯೇ ಅಂತಲೂ ನೋಡಿಕೊಳ್ಳಿ. ಗಾಜಿನ ನೆಗೆಟಿವ್ (ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಫಲಕ) ಅಥವಾ ಸ್ಲೈಡನ್ನು ಹಿಂದುಮುಂದಾಗಿ ಇಟ್ಟು ಸ್ಕ್ಯಾನ್ ಮಾಡಿರುವುದು ಅಪರೂಪವೇನಲ್ಲ. ಬೋರ್ಡಿನ ಅಕ್ಷರ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಗಂಡಸರ ಕೋಟು ನೋಡಿ, ಎಡಭಾಗ ಬಲಭಾಗದ ಮೇಲೆ ಬಂದಿರಬೇಕು.

ಹುಡುಕುವುದು ಎಲ್ಲಿ, ಯಾವ ಹೆಸರಲ್ಲಿ

ಶುರು ಮಾಡಲು ಲೈಬ್ರರಿ ಆಫ್ ಕಾಂಗ್ರೆಸ್, ಅಂದರೆ ವಾಷಿಂಗ್ಟನ್ನಿನ ದೊಡ್ಡ ಸರ್ಕಾರಿ ಗ್ರಂಥಾಲಯ, ಒಳ್ಳೆಯ ಜಾಗ. ಅಲ್ಲಿರುವ ಡೆಟ್ರಾಯ್ಟ್ ಪಬ್ಲಿಷಿಂಗ್ ಕಂಪನಿಯ ಸಂಗ್ರಹದಲ್ಲೇ ಸುಮಾರು 25,000 ಗಾಜಿನ ನೆಗೆಟಿವ್ ಮತ್ತು ಬೆಳಕಿಗೆ ಹಿಡಿದು ನೋಡುವ ಪಾರದರ್ಶಿ ಚಿತ್ರಗಳಿವೆ. ಈ ಕಂಪನಿ ಪೋಸ್ಟ್‌ಕಾರ್ಡು ಮತ್ತು ಪ್ರಿಂಟ್ ಮಾರಲೆಂದೇ ಊರೂರಿನ ಹೋಟೆಲು, ಬೀದಿ, ಸ್ಟೇಷನ್ನುಗಳ ಫೋಟೋ ತೆಗೆಸುತ್ತಿತ್ತು. ನೆಗೆಟಿವ್ ದೊಡ್ಡದು, ಹಾಗಾಗಿ ವಿವರ ಅಪಾರ. ಇಳಿಸಿಕೊಳ್ಳುವಾಗ ಚಿಕ್ಕ ಜೆಪೆಗ್‌ಗೆ ತೃಪ್ತಿಪಡಬೇಡಿ, ಅತಿ ದೊಡ್ಡ ಟಿಫ್ ಕಡತವನ್ನೇ ತೆಗೆದುಕೊಳ್ಳಿ. ಚಿಕ್ಕದರಲ್ಲಿ ಮಸಿ ಚುಕ್ಕೆಯಂತೆ ಕಾಣುವುದು ದೊಡ್ಡದರಲ್ಲಿ ಅಂಗಡಿಯ ಹೆಸರಾಗಿ ಓದಲು ಸಿಗುತ್ತದೆ. ನಮಗೆ ಬೇಕಿರುವುದು ಅದೇ.

ಆಮೇಲೆ ಆ ಊರಿನ ಸಾರ್ವಜನಿಕ ಗ್ರಂಥಾಲಯ, ಐತಿಹಾಸಿಕ ಸೊಸೈಟಿ, ವಿಶ್ವವಿದ್ಯಾಲಯ. ನ್ಯೂಯಾರ್ಕ್ ಆದರೆ ಕೆಲಸ ಇನ್ನೂ ಸುಲಭ. ತೆರಿಗೆ ಲೆಕ್ಕಕ್ಕೆ ಅಂತ 1939ರಿಂದ 1941ರ ನಡುವೆ ಅಲ್ಲಿನ ಹೆಚ್ಚುಕಮ್ಮಿ ಪ್ರತಿಯೊಂದು ಕಟ್ಟಡದ ಫೋಟೋ ತೆಗೆದಿದ್ದಾರೆ, ಅವು ಆ ನಗರದ ದಾಖಲೆ ಸಂಗ್ರಹವಾದ ಮುನಿಸಿಪಲ್ ಆರ್ಕೈವ್ಸ್‌ನಲ್ಲಿವೆ.

ಹುಡುಕುವಾಗ ಹೋಟೆಲಿನ ಹೆಸರೊಂದನ್ನೇ ಹಾಕಿ ಕೂರಬೇಡಿ. ಒಳ್ಳೆಯ ಫೋಟೋಗಳು ಬೇರೆ ಯಾವುದೋ ಹೆಸರಿನಡಿ ಅಡಗಿರುತ್ತವೆ. ಮೆರವಣಿಗೆ, ಪ್ರವಾಹ, ಹಿಮ ಬಿದ್ದ ದಿನ, ಪಕ್ಕದ ಬ್ಯಾಂಕಿನ ಉದ್ಘಾಟನೆ, ಟ್ರಾಮ್ ಹಳಿ ರಿಪೇರಿ, ಇವುಗಳ ಹಿನ್ನೆಲೆಯಲ್ಲಿ ನಿಮ್ಮ ಹೋಟೆಲ್ ನಿಂತಿರುತ್ತದೆ. ನನ್ನನ್ನು ಕೇಳಿದರೆ ಹೋಟೆಲಿನವರೇ ದುಡ್ಡು ಕೊಟ್ಟು ತೆಗೆಸಿದ ಫೋಟೋಗಿಂತ ಇಂಥವೇ ಮೇಲು. ಅಲ್ಲಿ ಕಟ್ಟಡ ಪೋಸ್ ಕೊಟ್ಟಿರುವುದಿಲ್ಲ.

ಇಸವಿ ಹಿಡಿಯುವುದು

ಇದು ಮುಖ್ಯ ಕೆಲಸ, ರುಚಿ ಇರುವುದೂ ಇಲ್ಲೇ. ಪ್ರತಿ ಫೋಟೋಗೂ ಎರಡು ಗಡಿ ಹಾಕಿ. ಒಂದು, 'ಇದಕ್ಕಿಂತ ಮುಂಚಿನದಲ್ಲ'. ಇನ್ನೊಂದು, 'ಇದರ ನಂತರದ್ದಲ್ಲ'. ಎರಡರ ನಡುವಿನ ಅಂತರ ಕಡಿಮೆ ಮಾಡುತ್ತಾ ಹೋಗುವುದೇ ಆಟ.

ಮೊದಲನೆಯ ಗಡಿಗೆ ರಸ್ತೆಯ ಸಾಮಾನು ಸಾಕು. ತಂತಿಯಿಂದ ಕರೆಂಟು ಎಳೆದುಕೊಂಡು ಓಡುವ ಟ್ರಾಮ್ 1888ರಲ್ಲಿ ರಿಚ್‌ಮಂಡ್‌ನಲ್ಲಿ ಯಶಸ್ವಿಯಾದ ಮೇಲೆ ಬೇರೆ ಊರುಗಳಿಗೆ ಹಬ್ಬಿತು. ಪಾರ್ಕಿಂಗ್ ಮೀಟರ್ ಮೊದಲು ನೆಟ್ಟಿದ್ದು 1935ರ ಜುಲೈಯಲ್ಲಿ, ಓಕ್ಲಹೋಮಾ ಸಿಟಿಯಲ್ಲಿ. ಫುಟ್‌ಪಾತಿನ ಅಂಚಿನಲ್ಲಿ ಮೀಟರ್ ಕಂಬ ಕಂಡರೆ '1920ರ ದಶಕ' ಅಂತ ಬರೆದ ಟಿಪ್ಪಣಿಯನ್ನು ಹೊಡೆದುಹಾಕಬಹುದು. ಬೋರ್ಡಿನಲ್ಲಿ ಸಾಲು ಬಲ್ಬಿದ್ದರೆ ಒಂದು ಕಾಲ, ನಿಯಾನ್ ಕೊಳವೆ ಇದ್ದರೆ 1920ರ ದಶಕ ಅಥವಾ ಆಮೇಲಿನದು. ತಾರಸಿಯಲ್ಲಿ ಟೀವಿ ಆಂಟೆನಾ, ಕಿಟಕಿಯಿಂದ ಹೊರಗೆ ಚಾಚಿದ ಏಸಿ ಡಬ್ಬಿ ಕಂಡರೆ ಎರಡನೇ ಮಹಾಯುದ್ಧದ ನಂತರದ ಕಾಲಕ್ಕೆ ಬಂದಿರಿ ಅಂತ ಲೆಕ್ಕ.

ಬಾವುಟ ಹಾರುತ್ತಿದ್ದರೆ ಅದೂ ಒಂದು ಸುಳಿವು. 48 ನಕ್ಷತ್ರದ ಅಮೆರಿಕನ್ ಬಾವುಟ 1912ರ ಜುಲೈಯಿಂದ 1959ರವರೆಗೆ ಇತ್ತು, ಅದರಲ್ಲಿ ಆರು ಸಾಲು, ಸಾಲಿಗೆ ಎಂಟು, ನಕ್ಷತ್ರಗಳು ನೇರವಾಗಿ ಜೋಡಿಸಿದಂತೆ ಇರುತ್ತವೆ. 50ರ ಬಾವುಟದಲ್ಲಿ ಸಾಲುಗಳು ಓರೆಯಾಗಿ ಹೆಣೆದಂತೆ ಕಾಣುತ್ತವೆ. ಎಣಿಸಲು ಆಗದಿದ್ದರೂ ಜೋಡಣೆ ಗೊತ್ತಾಗುತ್ತದೆ.

ಕಾರುಗಳಲ್ಲಿ ನೋಡಬೇಕಾದ್ದು ಅತಿ ಹೊಸದನ್ನು. ಹಳೇ ಕಾರು ಇಪ್ಪತ್ತು ವರ್ಷ ಓಡಬಹುದು, ಆದರೆ ಇನ್ನೂ ತಯಾರೇ ಆಗದ ಕಾರು ರಸ್ತೆಗೆ ಬರುವುದಿಲ್ಲ ಅಲ್ವಾ.

ಈಗ ಎರಡನೆಯ ಗಡಿ, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ವಿಧಾನ. ಹೋಟೆಲಿನ ನೆಲಮಹಡಿಯ ಅಂಗಡಿಗಳ ಹೆಸರು ಓದಿ. ಡೌನ್‌ಟೌನ್ ಹೋಟೆಲುಗಳು ರಸ್ತೆ ಕಡೆಯ ಜಾಗವನ್ನು ಸಾಮಾನ್ಯವಾಗಿ ಬಾಡಿಗೆಗೆ ಕೊಡುತ್ತಿದ್ದವು. ಕ್ಷೌರದಂಗಡಿ, ಸಿಗಾರ್ ಅಂಗಡಿ, ರೈಲು ಕಂಪನಿಯ ಟಿಕೆಟ್ ಆಫೀಸು, ಹ್ಯಾಟ್ ಮಾರುವವನು. ಈ ಬಾಡಿಗೆದಾರರು ಬಂದು ಹೋಗುತ್ತಲೇ ಇರುತ್ತಾರೆ. ಆ ಕಾಲದ ಸಿಟಿ ಡೈರೆಕ್ಟರಿ ಅನ್ನುವ ದಪ್ಪ ಪುಸ್ತಕ ಸಾಮಾನ್ಯವಾಗಿ ವರ್ಷಕ್ಕೊಂದು ಬರುತ್ತಿತ್ತು, ಅದರಲ್ಲಿ ಯಾವ ಅಂಗಡಿ ಯಾವ ನಂಬರಿನಲ್ಲಿದೆ ಅಂತ ಇರುತ್ತದೆ. ಉದಾಹರಣೆಗೆ ಹೀಗೆ ಅಂದುಕೊಳ್ಳಿ: ಸಿಗಾರ್ ಅಂಗಡಿ ಆ ವಿಳಾಸದಲ್ಲಿ 1908ರಿಂದ 1914ರವರೆಗೆ ಸಿಗುತ್ತದೆ, ಕ್ಷೌರದಂಗಡಿ 1912ರಲ್ಲಿ ಮೊದಲ ಸಲ ಬರುತ್ತದೆ. ಎರಡೂ ಒಂದೇ ಫೋಟೋದಲ್ಲಿದ್ದರೆ 1912 ಮತ್ತು 1914ರ ಮಧ್ಯೆ ಬಂದು ನಿಂತಿರಿ. ಮೂರನೇ ಬಾಡಿಗೆದಾರ ಸಿಕ್ಕರೆ ಇನ್ನೂ ಹತ್ತಿರ. ಒಂದು ಎಚ್ಚರ ಮಾತ್ರ ಬೇಕು. ಡೈರೆಕ್ಟರಿಗೆ ಮಾಹಿತಿ ಸೇರಿಸುತ್ತಿದ್ದದ್ದು ಅಚ್ಚಾಗುವ ಕೆಲವು ತಿಂಗಳು ಮುಂಚೆ, ಹಾಗಾಗಿ ಆ ಕಡೆ ಈ ಕಡೆ ಒಂದು ವರ್ಷ ಸಡಿಲ ಬಿಡಿ.

ಪಕ್ಕದಲ್ಲಿ ಸಿನಿಮಾ ಮಂದಿರ ಇದ್ದರಂತೂ ಅದೃಷ್ಟ. ಬೋರ್ಡಿನ ಮೇಲಿರುವ ಸಿನಿಮಾ ಹೆಸರು ಓದಿ, ಆ ಊರಿನ ಪತ್ರಿಕೆಯ ಜಾಹೀರಾತಿನಲ್ಲಿ ಅದು ಯಾವ ವಾರ ಓಡಿತು ಅಂತ ನೋಡಿ. ಇಸವಿ ಬಿಡಿ, ವಾರವೇ ಸಿಗುತ್ತದೆ. ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಅನ್ನುವ ಆನ್‌ಲೈನ್ ಸಂಗ್ರಹ ಇದೆ, ಪದ ಹಾಕಿ ಹುಡುಕಬಹುದು. ಅಕ್ಷರ ಗುರುತಿಸುವ ತಂತ್ರಾಂಶ ಹಳೇ ಅಚ್ಚನ್ನು ತಪ್ಪು ತಪ್ಪಾಗಿ ಓದುತ್ತದೆ, ಆದ್ದರಿಂದ ಹೋಟೆಲಿನ ಹೆಸರು ಸಿಗದಿದ್ದರೆ ರಸ್ತೆ ಹೆಸರು, ಮ್ಯಾನೇಜರ್ ಹೆಸರು ಹಾಕಿ ನೋಡಿ.

ಬಾರ್ ಬೋರ್ಡಿನ ಮೇಲೂ ಒಂದು ಕಣ್ಣಿಡಿ. ಅಮೆರಿಕದಲ್ಲಿ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶವ್ಯಾಪಿ ಪಾನನಿಷೇಧ ಇತ್ತು. ಬಾರ್‌ನಿಂದ ಬರುತ್ತಿದ್ದ ದುಡ್ಡು ನಿಂತು ಹೋಟೆಲುಗಳು ಕಂಗಾಲಾದವು, ಎಷ್ಟೋ ಕಡೆ ಆ ಜಾಗ ಕಾಫಿ ಶಾಪೋ, ಸೋಡಾ ಕೌಂಟರೋ ಆಯಿತು. ಬೋರ್ಡು ಬದಲಾದದ್ದು ಫೋಟೋದಲ್ಲಿ ಕಾಣುತ್ತದೆ.

ಪೋಸ್ಟ್‌ಕಾರ್ಡು ಸುಳ್ಳು ಹೇಳುತ್ತದೆ

ಹೋಟೆಲುಗಳ ವಿಷಯದಲ್ಲಿ ಅತಿ ಸುಲಭವಾಗಿ ಸಿಗುವುದು ಪೋಸ್ಟ್‌ಕಾರ್ಡು, ಅತಿ ಕಡಿಮೆ ನಂಬಬೇಕಾದದ್ದೂ ಅದನ್ನೇ. ಮುಂದಿನ ಚಿತ್ರಕ್ಕಿಂತ ಹಿಂಬದಿ ಹೆಚ್ಚು ಪ್ರಾಮಾಣಿಕ. ಅಮೆರಿಕದಲ್ಲಿ 1907ರ ಮಾರ್ಚ್ 1ಕ್ಕೆ ಮುಂಚೆ ವಿಳಾಸದ ಬದಿಯಲ್ಲಿ ಸಂದೇಶ ಬರೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಹಿಂಬದಿ ನಡುವೆ ಗೆರೆ ಹಾಕಿ ಎರಡು ಭಾಗ ಮಾಡಿದ್ದರೆ ಅದು ಆ ದಿನದ ಆಸುಪಾಸು ಅಥವಾ ಆಮೇಲಿನ ಕಾರ್ಡು. ಚಿತ್ರದ ಸುತ್ತ ಬಿಳಿ ಅಂಚಿದ್ದರೆ ಸುಮಾರಾಗಿ 1915ರಿಂದ 1930. ಬಟ್ಟೆಯಂತೆ ತರಿತರಿ ಕಾಗದ, ಢಾಳು ಬಣ್ಣ ಇದ್ದರೆ 1930ರಿಂದ 1945ರ ಸುತ್ತಮುತ್ತ. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರದ್ದು) ಅಚ್ಚಾಗಿದ್ದರೆ 1963ರ ಜುಲೈ ನಂತರದ್ದು.

ಷಿಕಾಗೋದ ಕರ್ಟ್ ಟೈಕ್ ಕಂಪನಿಯ ಕಾರ್ಡಾದರೆ ಒಂದು ಸಣ್ಣ ಸಂಕೇತ ಅಚ್ಚಾಗಿರುತ್ತದೆ. ಅದರಲ್ಲಿ ಮೊದಲ ಅಂಕಿಯ ಪಕ್ಕ 'ಎ' ಅಕ್ಷರ ಇದ್ದರೆ 1930ರ ದಶಕ, 'ಬಿ' ಇದ್ದರೆ 1940ರದು, 'ಸಿ' ಇದ್ದರೆ 1950ರದು. ಅಂದರೆ '5ಎ' ಅಂದರೆ 1935. ಈ ಕಂಪನಿಯ ಸಂಗ್ರಹ ಈಗ ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಎಷ್ಟೋ ಕಾರ್ಡುಗಳ ಕಡತದಲ್ಲಿ ಮೂಲ ಫೋಟೋ ಕೂಡ ಇದೆ, ಅದರ ಜೊತೆ ಏನೇನು ತಿದ್ದಬೇಕು ಅನ್ನುವ ಸೂಚನೆಯೂ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಾರ್ಡಿನ ಮೇಲಿನ ಭಕ್ತಿ ಹೊರಟುಹೋಗುತ್ತದೆ. ವಿದ್ಯುತ್ ಕಂಬ ಮಾಯ, ತಂತಿ ಮಾಯ, ಎದುರಿನ ಕೊಳಕು ಗೋಡೆ ಮಾಯ, ಆಕಾಶಕ್ಕೆ ಹೊಸ ಮೋಡ.

ಕಾರ್ಡಿನ ಅಂಚೆ ಮುದ್ರೆ ಹೇಳುವುದು ಕಳಿಸಿದ ದಿನವನ್ನೇ ಹೊರತು ಫೋಟೋ ತೆಗೆದ ದಿನವನ್ನಲ್ಲ. ಹೋಟೆಲ್ ಕೌಂಟರಿನಲ್ಲಿ ಹತ್ತು ವರ್ಷ ಹಳೆಯ ಕಾರ್ಡು ಬಿದ್ದಿರುವುದು ಮಾಮೂಲಿ. ಇನ್ನು ಬಣ್ಣ. ಕಪ್ಪುಬಿಳುಪು ಫೋಟೋಗೆ ಆಮೇಲೆ ಬಳಿದ ಬಣ್ಣ ಅದು, ಊರನ್ನೇ ನೋಡದವರು ಬಳಿದಿರಲೂಬಹುದು. ಕಪ್ಪುಬಿಳುಪಿನಲ್ಲೂ ಮೋಸ ಉಂಟು. ಹಳೇ ಪ್ಲೇಟುಗಳಿಗೆ ಕೆಂಪು ಬೆಳಕು ಹಿಡಿಯುತ್ತಿರಲಿಲ್ಲ, ನೀಲಿ ಜಾಸ್ತಿ ಹಿಡಿಯುತ್ತಿತ್ತು. ಆದ್ದರಿಂದ ಕೆಂಪು ಇಟ್ಟಿಗೆ ಇರಬೇಕಾದ್ದಕ್ಕಿಂತ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ ಬರುತ್ತದೆ. ಗೋಡೆ ಕಪ್ಪಗಿದೆ ಅಂತ ನೋಡಿ ಹೊಗೆ ಹಿಡಿದಿದೆ ಅಂತ ಬರೆದುಬಿಡಬೇಡಿ.

ನಕ್ಷೆ ಪಕ್ಕದಲ್ಲಿಟ್ಟುಕೊಳ್ಳಿ

ಸ್ಯಾನ್‌ಬಾರ್ನ್ ಅನ್ನುವ ಕಂಪನಿ 1867ರಿಂದ ಬೆಂಕಿ ವಿಮೆಗಾಗಿ ಅಮೆರಿಕದ ಸುಮಾರು 12,000 ಊರುಗಳ ನಕ್ಷೆ ಮಾಡಿದೆ. ಪ್ರತಿ ಕಟ್ಟಡದ ಆಕಾರ, ಮಹಡಿ, ಯಾವುದರಿಂದ ಕಟ್ಟಿದ್ದು ಎಲ್ಲ ಅದರಲ್ಲಿದೆ. ಗುಲಾಬಿ ಬಣ್ಣ ಅಂದರೆ ಇಟ್ಟಿಗೆ, ಹಳದಿ ಅಂದರೆ ಮರ, ನೀಲಿ ಅಂದರೆ ಕಲ್ಲು. ಹೋಟೆಲಾದರೆ ಎಷ್ಟೋ ಸಲ ಊಟದ ಕೋಣೆ ಎಲ್ಲಿ, ಆಫೀಸು ಎಲ್ಲಿ, ದೀಪ ಗ್ಯಾಸಿನದಾ ಕರೆಂಟಿನದಾ ಅಂತಲೂ ಬರೆದಿರುತ್ತಾರೆ. ಫೋಟೋ ಮುಂಭಾಗ ತೋರಿಸಿದರೆ ಇದು ಹಿಂಭಾಗ ತೋರಿಸುತ್ತದೆ, ಕಲ್ಲಿನ ಮುಖದ ಹಿಂದೆ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಬಾಯ್ಲರ್. ಬೇರೆ ಬೇರೆ ವರ್ಷದ ನಕ್ಷೆ ಸಿಕ್ಕರೆ ಕಟ್ಟಡಕ್ಕೆ ಯಾವಾಗ ಪಕ್ಕದ ಹೊಸ ಭಾಗ ಸೇರಿತು ಅಂತ ಅಲ್ಲೇ ಗೊತ್ತಾಗುತ್ತದೆ. ಕೆಲವು ಪ್ರತಿಗಳಲ್ಲಿ ಬದಲಾವಣೆಯಾದ ಕಡೆ ಹೊಸ ಕಾಗದದ ತುಂಡು ಅಂಟಿಸಿರುತ್ತಾರೆ, ಆಗ ನಕ್ಷೆಯ ಮೇಲೆ ಅಚ್ಚಾದ ಇಸವಿ ಆ ತುಂಡಿಗೆ ಅನ್ವಯಿಸುವುದಿಲ್ಲ.

ಒಳಗಿನ ಫೋಟೋಗಳು

ಲಾಬಿಯ ಫೋಟೋದಲ್ಲಿ ಜನವೇ ಇಲ್ಲದಿದ್ದರೆ ಹೋಟೆಲ್ ಖಾಲಿ ಹೊಡೆಯುತ್ತಿತ್ತು ಅಂತ ಅರ್ಥವಲ್ಲ. ಒಳಗೆ ಬೆಳಕು ಕಡಿಮೆ, ಎಕ್ಸ್‌ಪೋಷರ್ (ಕ್ಯಾಮೆರಾಗೆ ಬೆಳಕು ಬಿಡುವ ಹೊತ್ತು) ಉದ್ದ, ಅದಕ್ಕೇ ಜನರನ್ನು ಆಚೆ ಕಳಿಸಿ ತೆಗೆಯುತ್ತಿದ್ದರು. ಎಲ್ಲಾದರೂ ಮಸುಕು ನೆರಳಿನಂತೆ ಯಾರಾದರೂ ಕಂಡರೆ ನಡುವೆ ಓಡಾಡಿದ ನೌಕರ ಇರಬೇಕು.

ಒಳಗಿನ ಜಾಗಗಳು ಕೆಲಸ ಬದಲಿಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾಲೇಸ್ ಹೋಟೆಲ್ ಇದಕ್ಕೆ ಒಳ್ಳೆಯ ಪಾಠ. 1875ರಲ್ಲಿ ತೆರೆದಾಗ ಅದರ ನಡುವಿನ ಅಂಗಳಕ್ಕೆ ಕುದುರೆ ಗಾಡಿ ನೇರವಾಗಿ ಒಳಗೆ ಬರುತ್ತಿತ್ತು. ಸುತ್ತ ಏಳು ಅಂತಸ್ತಿನ ಮೊಗಸಾಲೆ, ಮೇಲೆ ಗಾಜಿನ ಚಾವಣಿ. ಆ ಕಾಲದ ಫೋಟೋದಲ್ಲಿ ಗಾಡಿಗಳು ಸುತ್ತು ಹಾಕುವ ಜಾಗ ಸ್ಪಷ್ಟವಾಗಿ ಕಾಣುತ್ತದೆ. 1906ರ ಏಪ್ರಿಲ್ 18ರ ಭೂಕಂಪಕ್ಕೆ ಕಟ್ಟಡ ಬೀಳಲಿಲ್ಲ, ಆಮೇಲೆ ಬಂದ ಬೆಂಕಿಗೆ ಹೋಯಿತು. 1909ರ ಕೊನೆಗೆ ಅದೇ ಜಾಗದಲ್ಲಿ ಹೊಸದು ತೆರೆಯಿತು, ಗಾಡಿಗಳ ಅಂಗಳ ಇದ್ದ ಕಡೆ ಗಾಜಿನ ಚಾವಣಿಯಡಿಯ ಗಾರ್ಡನ್ ಕೋರ್ಟ್ ಬಂತು. ಎರಡರಲ್ಲೂ ಗಾಜಿನ ಚಾವಣಿ ಇರುವುದರಿಂದ ಗಡಿಬಿಡಿಯಲ್ಲಿ ಒಂದೇ ಅನ್ನಿಸಬಹುದು. ಮೊಗಸಾಲೆಗಳನ್ನು ನೋಡಿ, ನೆಲ ನೋಡಿ, ಬೇರೆ ಅಂತ ತಿಳಿಯುತ್ತದೆ.

ಫೋಟೋದಲ್ಲಿ ಇಲ್ಲದ್ದು

ಅಟ್ಲಾಂಟಾದ ವೈನ್‌ಕಾಫ್ ಹೋಟೆಲ್ 1913ರಲ್ಲಿ ತೆರೆಯಿತು, 15 ಮಹಡಿ. ಬೆಂಕಿಯೇ ತಾಗದ ಹೋಟೆಲ್ ಅಂತ ಜಾಹೀರಾತು ಮಾಡಿಕೊಂಡಿತ್ತು. ಅದರ ಹಳೇ ಪೋಸ್ಟ್‌ಕಾರ್ಡು ನೋಡುವಾಗ ಗೋಡೆಯ ಮೇಲೆ ಕಬ್ಬಿಣದ ತುರ್ತು ಮೆಟ್ಟಿಲು ಇದೆಯೇ ಅಂತ ಹುಡುಕಿ. ಇಲ್ಲ. ಒಳಗೂ ಮೇಲಿಂದ ಕೆಳಗೆ ಇಳಿಯಲು ಇದ್ದದ್ದು ಒಂದೇ ಮೆಟ್ಟಿಲಸಾಲು. 1946ರ ಡಿಸೆಂಬರ್ 7ರ ಬೆಳಗಿನ ಜಾವ ಬೆಂಕಿ ಬಿದ್ದಾಗ 119 ಜನ ಸತ್ತರು. ಕಿಟಕಿಯಿಂದ ಬೀಳುತ್ತಿರುವ ಹೆಂಗಸಿನ ಫೋಟೋ ತೆಗೆದ ವಿದ್ಯಾರ್ಥಿ ಆರ್ನಾಲ್ಡ್ ಹಾರ್ಡಿಗೆ 1947ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. ಆ ಬೆಂಕಿ ಬಿದ್ದ 1946ರಲ್ಲೇ, ಜೂನ್‌ನಲ್ಲಿ ಷಿಕಾಗೋದ ಲಸಾಲ್ ಹೋಟೆಲಿನ ಬೆಂಕಿಗೆ 61 ಜನ ಬಲಿಯಾಗಿದ್ದರು. ಇದಾದ ಮೇಲೆ ನಿಯಮಗಳು ಬಿಗಿಯಾದವು. ನಿಮ್ಮ ಹೋಟೆಲಿನ ಪಕ್ಕದ ಗೋಡೆಗೆ ಒಂದು ಫೋಟೋದಲ್ಲಿ ಇಲ್ಲದ ಕಬ್ಬಿಣದ ಮೆಟ್ಟಿಲು ಇನ್ನೊಂದರಲ್ಲಿ ಇದ್ದರೆ, ಆ ಎರಡರ ಮಧ್ಯದ ಪತ್ರಿಕೆಗಳನ್ನು ಓದಿ.

ಜನರ ವಿಷಯವೂ ಹೀಗೇ. ಮ್ಯಾನೇಜರ್ ಹೆಸರು ಸಿಗುತ್ತದೆ, ಗಣ್ಯ ಅತಿಥಿಗಳ ಹೆಸರು ಸಿಗುತ್ತದೆ, ಸಮವಸ್ತ್ರ ಹಾಕಿ ಸಾಲಾಗಿ ನಿಂತ ಪೋರ್ಟರುಗಳ ಹೆಸರು ಸಿಗುವುದಿಲ್ಲ. ಅದಕ್ಕೆ ಜನಗಣತಿ ಹಾಳೆಗೆ ಹೋಗಿ. ಹೋಟೆಲಿನಲ್ಲೇ ವಾಸವಿದ್ದ ನೌಕರರು, ಕಾಯಂ ಬಾಡಿಗೆದಾರರು ಅದರಲ್ಲಿ ಹೆಸರು, ವಯಸ್ಸು, ಕೆಲಸ ಸಮೇತ ಇರುತ್ತಾರೆ. ಗಣತಿಯ ವಿವರವನ್ನು 72 ವರ್ಷ ಗುಟ್ಟಾಗಿಡುವ ನಿಯಮ ಇರುವುದರಿಂದ 1950ರ ಗಣತಿ 2022ರಲ್ಲಷ್ಟೇ ಹೊರಬಂತು. 1890ರದ್ದು ಹೆಚ್ಚಿನ ಪಾಲು ಬೆಂಕಿಗೆ ಹಾಳಾಯಿತು, ಹುಡುಕಿ ಸಮಯ ಕಳೆಯಬೇಡಿ. ಮತ್ತೆ, 1964ರ ನಾಗರಿಕ ಹಕ್ಕು ಕಾಯ್ದೆಗೆ ಮುಂಚೆ ಎಷ್ಟೋ ಡೌನ್‌ಟೌನ್ ಹೋಟೆಲುಗಳು ಕಪ್ಪು ಜನರಿಗೆ ಕೆಲಸ ಕೊಡುತ್ತಿದ್ದವು, ಕೋಣೆ ಕೊಡುತ್ತಿರಲಿಲ್ಲ. ಲಾಬಿಯ ಫೋಟೋದಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಅಂತ ನೋಡಿ. ಇದನ್ನು ಬಿಟ್ಟು ಬರೀ ತೂಗುದೀಪದ ವರ್ಣನೆ ಬರೆದರೆ ಅದು ಇತಿಹಾಸ ಅಲ್ಲ, ಬ್ರೋಷರ್.

ಅದೇ ಜಾಗದಲ್ಲಿ ನಿಂತು ತೆಗೆಯುವುದಾದರೆ

ಹಳೇ ಫೋಟೋ ತೆಗೆದ ಜಾಗದಲ್ಲೇ ನಿಂತು ಈಗಿನ ಫೋಟೋ ತೆಗೆಯಬೇಕು ಅನ್ನಿಸಿದರೆ ಲೆನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಿಲ್ಲುವ ಜಾಗ ಸರಿಯಾಗಬೇಕು. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿ, ಎರಡೂ ಈಗಲೂ ಉಳಿದಿರಬೇಕು. ಹಳೇ ಫೋಟೋದಲ್ಲಿ ಹತ್ತಿರದ ಕಟ್ಟಡದ ಮೂಲೆ ದೂರದ ಗೋಪುರದ ಎಷ್ಟನೇ ಕಿಟಕಿಯನ್ನು ಮುಟ್ಟುತ್ತದೆ ನೋಡಿಕೊಳ್ಳಿ, ಹಾಗೇ ಕಾಣುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಇನ್ನೊಂದು ಇಂಥ ಜೋಡಿ ಸಿಕ್ಕರೆ ಹಿಂದೆ ಮುಂದೆ ಎಷ್ಟು ಅನ್ನುವುದೂ ಸರಿಹೋಗುತ್ತದೆ. ಹಳೆಯವರು ಎಷ್ಟೋ ಸಲ ಎದುರು ಕಟ್ಟಡದ ಎರಡನೇ ಮಹಡಿಯಿಂದ ತೆಗೆಯುತ್ತಿದ್ದರು, ಅಲ್ಲಿಗೆ ಅನುಮತಿ ಕೇಳಬೇಕಾಗುತ್ತದೆ. ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಿ ಅದೇ ಹೊತ್ತಿಗೆ ಹೋದರೆ ಹೋಲಿಕೆ ಇನ್ನೂ ಚೆನ್ನಾಗಿ ಬರುತ್ತದೆ.

ಬರೆದಿಡುವುದು

ಪ್ರತಿ ಫೋಟೋಗೂ ಇಸವಿಯ ಜೊತೆ ಕಾರಣವನ್ನೂ ಬರೆಯಿರಿ. '1912–14, ಎರಡು ಅಂಗಡಿಗಳ ಬೋರ್ಡಿನಿಂದ' ಅಂತ. ಬರೀ 'ಸುಮಾರು 1910' ಅಂತ ಬರೆದರೆ ನಾಳೆ ನಿಮಗೇ ಯಾಕೆ ಅಂತ ನೆನಪಿರುವುದಿಲ್ಲ. ಯಾವ ಸಂಗ್ರಹ, ಅವರ ನಂಬರ್ ಯಾವುದು ಅನ್ನುವುದೂ ಬೇಕು. ಮೂಲ ಪ್ರಿಂಟ್ ಕೈಗೆ ಸಿಕ್ಕಿದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಪತ್ರಿಕಾ ಕಚೇರಿಯ ಪ್ರಿಂಟಾದರೆ ಅಲ್ಲಿ ದಿನಾಂಕದ ಮುದ್ರೆ, ಅಂಟಿಸಿದ ಸುದ್ದಿಯ ತುಂಡು ಇರುತ್ತದೆ.

ಹಕ್ಕಿನ ವಿಷಯ ಚಿಕ್ಕದಾಗಿ: ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಫೋಟೋ ಎಲ್ಲರ ಸ್ವತ್ತು. ಪ್ರಕಟವೇ ಆಗದ್ದು, ತೆಗೆದವರು ಯಾರೆಂದು ಗೊತ್ತಿಲ್ಲದ್ದು ಆದರೆ ತೆಗೆದು 120 ವರ್ಷ ಆಗಿರಬೇಕು. ಅದಕ್ಕಿಂತ ಹೊಸದಾದರೆ ಸಂಗ್ರಹದವರನ್ನು ಕೇಳಿ.

ಇಸವಿ ಗಟ್ಟಿಯಾಗಿ ಸಿಕ್ಕ ಮೇಲೆ ಫೋಟೋ ಇಟ್ಟುಕೊಂಡ ಗ್ರಂಥಾಲಯಕ್ಕೆ ಪುರಾವೆ ಸಮೇತ ಬರೆಯಿರಿ. ಲೈಬ್ರರಿ ಆಫ್ ಕಾಂಗ್ರೆಸ್ 2008ರಿಂದ ತನ್ನ ಫೋಟೋಗಳನ್ನು ಫೋಟೋ ಹಂಚುವ ಜಾಲತಾಣ ಫ್ಲಿಕರ್‌ನಲ್ಲಿ ಹಾಕುತ್ತಿದೆ, ನೋಡಿದವರು ಕಳಿಸಿದ ಮಾಹಿತಿಯನ್ನು ಪರಿಶೀಲಿಸಿ ತನ್ನ ಪಟ್ಟಿಯನ್ನೇ ತಿದ್ದಿಕೊಂಡಿದೆ. ಅಂಗಡಿಯ ಬೋರ್ಡನ್ನು ದೊಡ್ಡದು ಮಾಡಿದ ತುಣುಕು ಮತ್ತು ಡೈರೆಕ್ಟರಿಯ ಆ ಪುಟ, ಇವೆರಡನ್ನೂ ಒಟ್ಟಿಗೆ ಕಳಿಸಿದರೆ ಅವರ ಕೆಲಸ ಸುಲಭ.